ಆದಾಮನ ವರ್ಷ, ಮಲಪ್ರಭೆಯ ಕಲ್ಲು

ಆದಿಕಾಂಡದ ಐದನೆಯ ಅಧ್ಯಾಯ ಬರೀ ಹುಟ್ಟುಸಾವಿನ ಖಾತೆ. ಆದಾಮ ಬದುಕಿದ್ದು 930 ವರ್ಷ, ಮಗ ಸೇತ 912. ಹೀಗೆ ಇಳಿದು ಬಂದರೆ ಹತ್ತನೆಯವನು ನೋಹ. ಮೆತೂಷೆಲಹ 969ಕ್ಕೆ ಸತ್ತದ್ದು, ಕೂಡಿಸಿ ನೋಡಿದರೆ, ಜಲಪ್ರಳಯದ ವರ್ಷವೇ. ಹನೋಕನದು ಮಾತ್ರ ಬೇರೆ ಕಥೆ: 365ಕ್ಕೆ ದೇವರೇ ಕರೆದುಕೊಂಡ, ಸತ್ತನೆಂಬ ಮಾತೇ ಇಲ್ಲ.

ಈ ವಂಶಾವಳಿಯನ್ನು ಕನ್ನಡಕ್ಕೆ ತಂದವರು ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್. ಪೂರ್ತಿ ಬೈಬಲ್ ಅಚ್ಚಾದದ್ದು 1830ರ ದಶಕದ ಆರಂಭದಲ್ಲಿ. ಅದೇ ಮಿಷನ್ 1820ರಲ್ಲೇ ಬೆಳಗಾವಿಗೆ ಕಾಲಿಟ್ಟಿತ್ತು, ಕಿತ್ತೂರಿನಲ್ಲಿ ಚೆನ್ನಮ್ಮ ಕಾದುವುದಕ್ಕೆ ನಾಲ್ಕು ವರ್ಷ ಮೊದಲು.

ಬೈಲಹೊಂಗಲ, ಸವದತ್ತಿ ಕಡೆಯ ಒಕ್ಕಲು ಮನೆಗೆ ಇಂಥ ಖಾತೆ ಹೊಸದೇನಲ್ಲ. ಸುಗ್ಗಿ ಮುಗಿದ ಮೇಲೆ ಎತ್ತು ಏರಿ ಬರುವ ಹೆಳವ, ಅಜ್ಜ, ಮುತ್ತಜ್ಜ, ಮೂಲ ಊರು, ಬೆಡಗು ಎಲ್ಲ ಹೇಳಿ ಕಾಳು ಇಸಗೊಂಡು ಹೋಗುತ್ತಾನೆ. ಕೇಳುವವರಿಗೆ ಎಳೆ ಹರಿಯದಿದ್ದರೆ ಸಾಕು. ಇಸವಿ ಕೂಡಿಸಲು ಯಾರೂ ಕೂರುವುದಿಲ್ಲ. ಕೂತವರು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್. 1650ರಲ್ಲಿ ಅವರು ತೆಗೆದ ಸೃಷ್ಟಿಯ ವರ್ಷ ಕ್ರಿ.ಪೂ. 4004. ಆದರೆ ಕೂಡಿಸಬೇಕಾದ ಅಂಕಿಯೇ ಪಾಠಕ್ಕೊಂದು: ಸೇತ ಹುಟ್ಟಿದಾಗ ಆದಾಮನಿಗೆ ಹೀಬ್ರೂ ಪಾಠದಲ್ಲಿ 130, ಹಳೆಯ ಗ್ರೀಕ್ ಪಾಠದಲ್ಲಿ 230! ಪೇಚು ತಂದಿಟ್ಟದ್ದು ಆದಿಕಾಂಡವಲ್ಲ, ಅಷರರ ಕೂಡಿಸುವ ಹಟ ಎಂದೇ ನನಗೆ ತೋರುತ್ತದೆ.

ಆ ಲೆಕ್ಕ ನಮ್ಮ ಮಲಪ್ರಭೆ ಹೊಳೆಯ ದಂಡೆಯಲ್ಲೇ ತಪ್ಪಿತು. ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಮನುಷ್ಯ ಕೆತ್ತಿದ ಕಲ್ಲೊಂದನ್ನು ಎತ್ತಿಕೊಂಡರು. ಮುಂದೆ ದಕ್ಷಿಣ ಮರಾಠಾ ಸೀಮೆ ಸುತ್ತಿದಾಗ ಮಲಪ್ರಭೆಯ ಗರಸಿನಲ್ಲೂ ಅಂಥವೇ ಸಿಕ್ಕವು. 1876ರ ವರದಿಯಲ್ಲಿ ಬರೆದರು. ಯಲ್ಲಮ್ಮನ ಗುಡ್ಡ, ರಾಮದುರ್ಗದ ಬೆಟ್ಟಸಾಲಿನ ಶಿಲೆಗೆ ‘ಕಲಾದಗಿ’ ಎಂಬ ಹೆಸರಿಟ್ಟವರೂ ಅವರೇ. ಆ ಗಟ್ಟಿ ಕಲ್ಲಿನ ಎರಡೂ ಮಗ್ಗುಲಿನ ಚಕ್ಕೆ ಹಾರಿಸಿ, ಒಂದು ತುದಿ ಚೂಪು ಮಾಡಿ, ಇನ್ನೊಂದನ್ನು ಅಂಗೈಗೆ ಹೊಂದುವಂತೆ ದಪ್ಪಗೆ ಬಿಟ್ಟರೆ ಕೈಗೊಡಲಿ. ಫೂಟರ ಮಾವ ಪೀಟರ್ ಪರ್ಸಿವಲ್ ತಮಿಳು ಬೈಬಲ್ಲಿನ ಅನುವಾದಕ್ಕೆ ದುಡಿದ ಪಾದ್ರಿ. ಮಾವ-ಅಳಿಯ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡರೋ!

1955ರಲ್ಲಿ ಆರ್.ವಿ. ಜೋಶಿ ಮಲಪ್ರಭೆಯ ಗರಸು, ಮಣ್ಣಿನ ಪದರ, ಉಪಕರಣ ಮೂರನ್ನೂ ಜೋಡಿಸಿ ಪುಸ್ತಕ ಬರೆದರು. ಇತ್ತ ಹುಣಸಗಿ ಬಳಿಯ ಇಸಾಂಪುರದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ತಲೆಮಾರಿಗೆ 25 ವರ್ಷ ಹಿಡಿದರೂ 48,000 ತಲೆಮಾರು.