ಆಮೆಗೆ ಪ್ರಾಯ ಬರುವುದೆಂದು?

ಕಲ್ಕತ್ತೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅಲೀಪುರದ ಮೃಗಾಲಯವನ್ನು ನೋಡದವರು ವಿರಳ. ಅಲ್ಲಿದ್ದ ‘ಅದ್ವೈತ’ನೆಂಬ ಅಲ್ಡಾಬ್ರಾ ದೈತ್ಯ ಆಮೆಯು 2006ರ ಮಾರ್ಚ್ ತಿಂಗಳಿನಲ್ಲಿ ಅಸುನೀಗಿತು. ಅದರ ವಯಸ್ಸು ಸುಮಾರು 250 ವರ್ಷವೆಂದು ಅಂದಾಜು ಮಾಡಿದ್ದರು. ಹೆಸರಿಗೆ ತಕ್ಕಂತೆ ಅದು ಒಂಟಿಯಾಗಿಯೇ ಬಾಳಿತು, ಸಂತತಿಯ ದಾಖಲೆಯಿಲ್ಲ.

ಅದ್ವೈತನ ನೆನಪು ಬರಲು ಕಾರಣವಿದೆ. ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ, ನೆರೆಯ ಬಾಡಿಗೆದಾರರು ಊರು ಬಿಡುವಾಗ ಕೊಟ್ಟುಹೋದ ಎರಡು ನಕ್ಷತ್ರ ಆಮೆಗಳಿದ್ದವು. “ಎರಡೂ ಒಂದೇ ವಯಸ್ಸಿನವಂತೆ. ಒಂದು ಅಂಗೈಯನ್ನು ಮೀರಿ ಬೆಳೆದಿದೆ, ಇನ್ನೊಂದು ಅದರ ಅರ್ಧದಷ್ಟೂ ಇಲ್ಲ. ಇವು ಮರಿ ಮಾಡುವುದೆಂದು?” ಎಂದು ಅವರ ಮಗಳು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ನಾನು ಬ್ಯಾಂಕಿನ ಉದ್ಯೋಗಿಯಾದ್ದರಿಂದ ನನ್ನ ವೃತ್ತಿಯ ಮಾತಿನಲ್ಲೇ ಹೇಳುವೆನು. ನಿಶ್ಚಿತ ಠೇವಣಿಯು ಗೊತ್ತಾದ ತಾರೀಖಿಗೆ ಪಕ್ವವಾಗುತ್ತದೆ. ಆಮೆಗೆ ಅಂತಹ ತಾರೀಖಿಲ್ಲ. ವರ್ಷಗಳ ಎಣಿಕೆಗಿಂತ ಶರೀರದ ಗಾತ್ರವೇ ಅದರ ಪ್ರಾಯವನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಗಾತ್ರವಾದರೋ ಹಲವು ಕಾರಣಗಳಿಂದ ಬದಲಾಗುವುದು. ನಕ್ಷತ್ರ ಆಮೆಗಳಲ್ಲಿ ಹೆಣ್ಣೇ ದೊಡ್ಡದು. ಗಂಡಿನ ಚಿಪ್ಪು 20 ಸೆಂಟಿಮೀಟರ್ ದಾಟುವುದು ಅಪರೂಪ. ಗಂಡಿಗೆ ಬಾಲ ಉದ್ದ, ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಿರುತ್ತದೆ. ಗಂಡು ಚಿಕ್ಕ ಗಾತ್ರದಲ್ಲೇ ಬೇಗ ಪ್ರಾಯಕ್ಕೆ ಬರುತ್ತದೆ. ಒಡಲಲ್ಲಿ ಮೊಟ್ಟೆಗಳಿಗೆ ಸ್ಥಳ ಬೇಕಾದ ಹೆಣ್ಣು ತಡವಾಗಿ ಸಿದ್ಧವಾಗುತ್ತದೆ. ಒಂದೇ ಸಲ ಹುಟ್ಟಿದ ಮರಿಗಳಲ್ಲಿಯೂ ಬಲವಾದದ್ದು ಮೇವನ್ನು ಮೊದಲು ಕಬಳಿಸಿ ಬೇಗ ಬೆಳೆಯುತ್ತದೆ. ಬಿಸಿಲು, ಉಷ್ಣತೆ, ಸುಣ್ಣದ ಅಂಶ ಇವುಗಳ ಪಾತ್ರವೂ ದೊಡ್ಡದು. ಕಿಟಕಿಯ ಗಾಜಿನ ಮೂಲಕ ಬೀಳುವ ಬಿಸಿಲಿನಲ್ಲಿ ಎಲುಬಿಗೆ ಬೇಕಾದ ನೇರಳಾತೀತ ಕಿರಣಗಳು ಬಹುಮಟ್ಟಿಗೆ ಇರುವುದಿಲ್ಲ.

ಹಾಗೆಂದು ಶೀಘ್ರ ಬೆಳವಣಿಗೆಯೇ ಆರೋಗ್ಯವೆಂದು ಭ್ರಮಿಸಬಾರದು. ಸೊಪ್ಪು, ಹುಲ್ಲುಗಳನ್ನು ತಿನ್ನಬೇಕಾದ ಜೀವಿಗೆ ಅನ್ನ, ಬ್ರೆಡ್ಡು, ಮೊಟ್ಟೆಗಳನ್ನು ತಿನ್ನಿಸಿದರೆ ಮೈ ಬೆಳೆದರೂ ಚಿಪ್ಪು ವಿಕಾರವಾಗಬಹುದು, ಮೂತ್ರಪಿಂಡ ಕೆಡಬಹುದು. ಸುಣ್ಣದ ಕೊರತೆಯಿರುವ ಹೆಣ್ಣಿಗೆ ಮೊಟ್ಟೆ ಒಡಲಲ್ಲೇ ಸಿಕ್ಕಿಕೊಂಡು ಪ್ರಾಣಾಪಾಯವಾಗುವುದುಂಟು.

ಮನೆಯವರ ಆರೋಗ್ಯದ ಮಾತೂ ಇದೆ. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರಬಹುದು. ಅವು ಚಿಕ್ಕ ಮಕ್ಕಳಿಗೆ ತೀವ್ರ ಜ್ವರ, ಭೇದಿಗಳನ್ನು ತರುತ್ತವೆ. ಈ ಕಾರಣದಿಂದಲೇ ಅಮೆರಿಕದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಆಮೆಯನ್ನು ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಲೇಬೇಕು. ಅಡಿಗೆಮನೆಯೊಳಗಂತೂ ಅದನ್ನು ಬಿಡಲೇಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕಾನೂನು. ನಮ್ಮ ಕರ್ನಾಟಕದ ಕುರುಚಲು ಕಾಡುಗಳಲ್ಲಿಯೂ ವಾಸಿಸುವ ಈ ಆಮೆಯನ್ನು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯು ಮೊದಲನೆಯ ಅನುಸೂಚಿಗೆ ಸೇರಿಸಿದೆ. ಮನೆಯಲ್ಲಿ ಸಾಕುವುದು ಅಪರಾಧ. ಕಾರಾಗೃಹ ಶಿಕ್ಷೆಯೂ ಉಂಟು. 2019ರಲ್ಲಿ ಇದರ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನೂ ನಿಷೇಧಿಸಲಾಯಿತು.

ಇದನ್ನು ಕೇಳಿ ಗಾಬರಿಗೊಂಡ ನಮ್ಮ ಮಿತ್ರರು ಆಮೆಗಳನ್ನು ರವೀಂದ್ರ ಸರೋವರಕ್ಕೆ ಬಿಡಲು ಹೊರಟಿದ್ದರು! ನಾನು ತಡೆದೆನು. ನಕ್ಷತ್ರ ಆಮೆಯು ನೆಲದ ಪ್ರಾಣಿ. ಆಳವಾದ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಕೊನೆಗೆ ಅರಣ್ಯ ಇಲಾಖೆಗೆ ತಿಳಿಸಿ, ಎರಡನ್ನೂ ಅವರಿಗೆ ಒಪ್ಪಿಸಿದೆವು.

ಮಗಳು ಎರಡು ದಿನ ಅತ್ತಳು. ಮೂರನೆಯ ದಿನ, “ಅಲ್ಲಿ ಚಿಕ್ಕದಕ್ಕೂ ಮೇವು ಸಿಗುವುದಲ್ಲವೆ?” ಎಂದು ಕೇಳಿದಳಂತೆ. ಆಮೆಯ ಪ್ರಾಯದ ಲೆಕ್ಕಕ್ಕಿಂತ ಈ ಕಾಳಜಿಯೇ ದೊಡ್ಡದೆಂದು ನನಗೆ ತೋರಿತು.