ಕಾರ್ಖಾನೆಯ ನಕ್ಷೆಯೂ ಬೆಳಕಿನ ಅಳತೆಗೋಲೂ

ಮೊದಲು ನಕ್ಷೆ, ಆಮೇಲೆ ನಿರ್ಮಾಣ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ನಿರ್ಮಾಣ ಮುಗಿದ ಮೇಲೆ ಆ ನಕ್ಷೆಯ ಗತಿಯೇನು ಎಂದು ಯೋಚಿಸುವವರು ಕಡಮೆ. ಎಣ್ಣೆ ಶುದ್ಧೀಕರಣ, ರಾಸಾಯನಿಕ ಗೊಬ್ಬರ, ಉಕ್ಕು ಮೊದಲಾದವುಗಳ ದೊಡ್ಡ ಕಾರ್ಖಾನೆಗಳು ಹತ್ತಾರು ವರ್ಷ ಬಾಳುವಂಥವು. ಈ ಅವಧಿಯಲ್ಲಿ ಒಂದು ಕೊಳವೆ ಸವೆದು ಬೇರೆಯದು ಬರುತ್ತದೆ. ಒಂದು ವಾಲ್ವು ಸ್ಥಳ ಬದಲಿಸುತ್ತದೆ. ಹೊಸ ಪಂಪೊಂದು ಬಂದು ಕೂರುತ್ತದೆ. ಕೆಲಸದ ಅವಸರದಲ್ಲಿ ಇವೆಲ್ಲವೂ ನೆಲದ ಮೇಲೆ ನಡೆದುಹೋಗುತ್ತವೆಯೇ ಹೊರತು ಎಷ್ಟೋ ವೇಳೆ ಕಾಗದಕ್ಕೆ ಏರುವುದಿಲ್ಲ. ಕೊನೆಗೆ ಕಪಾಟಿನಲ್ಲಿರುವುದು ಒಂದು ಕಾರ್ಖಾನೆ, ಕಣ್ಣೆದುರಿಗಿರುವುದು ಮತ್ತೊಂದು ಕಾರ್ಖಾನೆ ಎಂಬಂತಾಗುತ್ತದೆ.

ಹಳ್ಳಿಗಳಿಂದ ಬಂದ ನಮ್ಮಂಥವರಿಗೆ ಇದೇನೂ ಅಪರಿಚಿತವಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು, ನಡುವೆ ಬದು ಹಾಕಿ ಇಪ್ಪತ್ತು ವರ್ಷವಾಗಿರುತ್ತದೆ. ಪೋಡಿಯಾಗದೆ ಇರುವುದರಿಂದ ಸರ್ವೆ ನಕ್ಷೆಯಲ್ಲಿ ಮಾತ್ರ ಅದು ಇನ್ನೂ ಒಂದೇ ಹೊಲ. ಹೊಲದ ನಕ್ಷೆ ತಪ್ಪಿದರೆ ವ್ಯಾಜ್ಯ ಹುಟ್ಟುತ್ತದೆ. ಕಾರ್ಖಾನೆಯ ನಕ್ಷೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಯಾವ ವಾಲ್ವನ್ನು ಮುಚ್ಚಿದರೆ ಯಾವ ಕೊಳವೆ ಬರಿದಾಗುವುದೆಂದು ರಿಪೇರಿ ಮಾಡುವವನು ನಕ್ಷೆಯ ನೆರವಿನಿಂದ ತಿಳಿಯಬೇಕು. ಬರಿದೆಂದು ನಂಬಿ ಬೆಸುಗೆ ಹಿಡಿದ ಕೊಳವೆಯಲ್ಲಿ ಉರಿಯುವ ಅನಿಲ ತುಂಬಿದ್ದರೆ ಮುಂದಿನದನ್ನು ಹೇಳಬೇಕಾದುದಿಲ್ಲ.

ಬದಲಾವಣೆಯನ್ನು ನಕ್ಷೆಗೆ ತರದಿರುವುದು ಎಷ್ಟು ಅಪಾಯದ ಲಕ್ಷಣವೆಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೊದಲ್ಲಿ ನಡೆದ ದುರಂತವೇ ಸಾಕ್ಷಿ. ಅಲ್ಲಿ ನೈಲಾನಿನ ಮೂಲವಸ್ತುವನ್ನು ತಯಾರಿಸುವ ಕಾರ್ಖಾನೆಯಲ್ಲಿ ಆರು ರಿಯಾಕ್ಟರುಗಳು ಸಾಲಾಗಿ ನಿಂತಿದ್ದವು. ೧೯೭೪ರ ಮಾರ್ಚ್ ತಿಂಗಳಿನಲ್ಲಿ ಐದನೆಯದರಲ್ಲಿ ಬಿರುಕು ಕಾಣಿಸಿತು. ಅದನ್ನು ತೆಗೆದುಹಾಕಿ, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ ೨೦ ಅಂಗುಲದ ಬಳಸು ಕೊಳವೆಯೊಂದನ್ನು ಜೋಡಿಸಿದರು. ಆ ಕೊಳವೆಗೆ ಇದ್ದ ಒಂದೇ ನಕ್ಷೆಯೆಂದರೆ ವರ್ಕ್‌ಷಾಪಿನ ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ಗೀಟುಗಳು ಎಂದು ವಿಚಾರಣೆಯಲ್ಲಿ ಹೊರಪಟ್ಟಿತು. ಜೂನ್ ೧ರ ಸಂಜೆ ಆ ಕೊಳವೆ ಕಳಚಿ, ಹೊರಬಿದ್ದ ಆವಿ ಸ್ಫೋಟಗೊಂಡು ೨೮ ಮಂದಿ ಸತ್ತರು. ಅಂದು ಶನಿವಾರವಾಗಿರದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು. ಲೆಕ್ಕ ಹಾಕದೆ ಕಟ್ಟಿದ್ದೇ ಅಲ್ಲಿಯ ಮೂಲದೋಷವೆಂಬುದು ನಿಜ. ಆದರೂ ನಕ್ಷೆ ಕಾಗದದ ಮೇಲೆ ಇದ್ದಿದ್ದರೆ ಬಲ್ಲವನೊಬ್ಬನು ಅದನ್ನು ನೋಡಿ ತಡೆಯುವುದಕ್ಕೆ ಅವಕಾಶವಾದರೂ ಇರುತ್ತಿತ್ತು. ನೆಲದ ಮೇಲಿನ ಗೀಟನ್ನು ಯಾರು ಪರಿಶೀಲಿಸಬೇಕು?

ಇದ್ದುದನ್ನು ಇದ್ದಂತೆ ಅಳೆದು ನಕ್ಷೆಯನ್ನು ತಿದ್ದಲು ಹಿಂದೆ ಟೇಪು, ಏಣಿ ಮತ್ತು ತಾಳ್ಮೆಗಳೇ ಸಾಧನಗಳಾಗಿದ್ದವು. ಕಾದ ಕೊಳವೆಗಳ ನಡುವೆ, ಮೂವತ್ತು ಅಡಿ ಎತ್ತರದಲ್ಲಿ ಟೇಪು ಹಿಡಿಯುವುದು ಕಷ್ಟವೂ ಹೌದು, ಅಪಾಯವೂ ಹೌದು. ೧೯೯೦ರ ದಶಕದಲ್ಲಿ ಈ ಕೆಲಸಕ್ಕೆ ಲೇಸರ್ ಸ್ಕ್ಯಾನರ್ ಎಂಬ ಉಪಕರಣವು ಬಳಕೆಗೆ ಬಂದಿತು.

ಇದರ ತತ್ತ್ವ ಸರಳವಾದುದು. ಮುಕ್ಕಾಲಿಯ ಮೇಲೆ ನಿಲ್ಲಿಸಿದ ಪೆಟ್ಟಿಗೆಯಿಂದ ಲೇಸರ್ ಕಿರಣ ಹೊರಟು, ಎದುರಿನ ವಸ್ತುವಿಗೆ ತಾಗಿ ಹಿಂದಿರುಗುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು. ೧೫ ಮೀಟರು ದೂರದ ಕೊಳವೆಯನ್ನು ಮುಟ್ಟಿ ಬರಲು ಅದಕ್ಕೆ ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ಆ ಅಲ್ಪಕಾಲವನ್ನು ಅಳೆದರೆ ದೂರ ದೊರೆಯುತ್ತದೆ. ಕೆಲವು ಉಪಕರಣಗಳು ಕಾಲಕ್ಕೆ ಬದಲಾಗಿ, ಹೋದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸವನ್ನು ಅಳೆಯುತ್ತವೆ. ಒಳಗಿನ ಕನ್ನಡಿಯು ಮೇಲೆ ಕೆಳಗೆ ಸುತ್ತುತ್ತಿದ್ದಂತೆ ಪೆಟ್ಟಿಗೆಯೂ ಮೆಲ್ಲಗೆ ತಿರುಗುವುದರಿಂದ ಕಿರಣವು ಸುತ್ತಲಿನದನ್ನೆಲ್ಲ ಸವರಿಬರುತ್ತದೆ. ಹೀಗೆ ಸೆಕೆಂಡಿಗೆ ಲಕ್ಷಗಟ್ಟಲೆ ಬಿಂದುಗಳ ಸ್ಥಾನ ದಾಖಲಾಗುತ್ತದೆ. ಈ ರಾಶಿಯನ್ನು ಬಿಂದುಮೇಘವೆಂದು ಕರೆಯಬಹುದು.

ಒಂದು ಕಡೆ ನಿಂತರೆ ಕಂಬದ ಹಿಂದಿರುವುದು ಕಾಣದು. ಆದ್ದರಿಂದ ಉಪಕರಣವನ್ನು ಹಲವು ಸ್ಥಳಗಳಲ್ಲಿ ಇಟ್ಟು ಅಳೆಯುತ್ತಾರೆ. ಎಲ್ಲ ಕಡೆಯಿಂದಲೂ ಕಾಣುವಂತೆ ಇಟ್ಟ ಬಿಳಿಯ ಗುಂಡುಗಳನ್ನೋ ಗುರುತಿನ ಹಲಗೆಗಳನ್ನೋ ಆಧಾರ ಮಾಡಿಕೊಂಡು ಕಂಪ್ಯೂಟರಿನಲ್ಲಿ ಆ ತುಂಡುಗಳನ್ನು ಒಂದುಗೂಡಿಸುತ್ತಾರೆ. ಎಚ್ಚರದಿಂದ ಮಾಡಿದರೆ ತಪ್ಪು ಕೆಲವೇ ಮಿಲಿಮೀಟರುಗಳೊಳಗೆ ನಿಲ್ಲುತ್ತದೆ. ಹಳೆಯ ನಕ್ಷೆಯನ್ನು ಇದರೊಡನೆ ಹೋಲಿಸಿದಾಗ ಎಲ್ಲೆಲ್ಲಿ ವ್ಯತ್ಯಾಸವಿದೆಯೆಂದು ಗೊತ್ತಾಗುತ್ತದೆ. ಹೊಸ ಕೊಳವೆ ಹಾಯುವ ದಾರಿಯಲ್ಲಿ ತೊಲೆಯೊಂದು ಅಡ್ಡ ಬರುವುದೆಂಬುದು ಕೊಳವೆಯನ್ನು ಕತ್ತರಿಸುವ ಮೊದಲೇ ತಿಳಿಯುತ್ತದೆ.

ಹಾಗೆಂದು ಈ ಉಪಕರಣವು ಸರ್ವಜ್ಞನಲ್ಲ. ಅದು ಮೈಯನ್ನು ಮಾತ್ರ ನೋಡಬಲ್ಲದು. ಶಾಖ ತಡೆಯಲು ಸುತ್ತಿದ ಹೊದಿಕೆಯ ಅಡಿಯಲ್ಲಿ ಕೊಳವೆ ಎಷ್ಟು ದಪ್ಪವಿದೆ, ಒಳಗೆ ಹರಿಯುವುದು ನೀರೋ ಆಮ್ಲವೋ, ವಾಲ್ವಿನ ಹೆಸರೇನು ಎಂಬುದು ಅದಕ್ಕೆ ತಿಳಿಯದು. ಅದಕ್ಕೆ ಅನುಭವಸ್ಥನಾದ ಕೆಲಸಗಾರನು ನಕ್ಷೆಯನ್ನು ಕೈಯಲ್ಲಿ ಹಿಡಿದು, ಕೊಳವೆಯ ಜಾಡಿನಲ್ಲೇ ನಡೆದು ಗುರುತು ಹಾಕಬೇಕು. ಇನ್ನೂ ಮುಖ್ಯವಾದುದೆಂದರೆ, ಸ್ಕ್ಯಾನರು ಹೇಳುವುದು ಅಳೆದ ದಿನದ ಸತ್ಯವನ್ನು ಮಾತ್ರ. ಮರುದಿನವೇ ಒಂದು ಕೊಳವೆ ಬದಲಾಗಿ ಅದನ್ನು ಯಾರೂ ಬರೆದಿಡದಿದ್ದರೆ, ನಕ್ಷೆಯು ಮತ್ತೆ ಹಳೆಯದಾಗಲು ತೊಡಗುತ್ತದೆ.

ಕಲಾವಿಭಾಗದ ನಮಗೂ ಕಾರ್ಖಾನೆಯ ಕೊಳವೆಗೂ ಏನು ಸಂಬಂಧವೆಂದು ಕೆಲವು ಮಿತ್ರರು ಕೇಳಬಹುದು. ಒಂದು ದಾಖಲೆಯನ್ನು ಕೈಗೆತ್ತಿಕೊಂಡಾಗ ಇದು ಎಂದಿನದು, ಬರೆದವರು ಯಾರು, ಆಮೇಲೆ ತಿದ್ದಿದವರು ಯಾರು ಎಂದು ಕೇಳಬೇಕೆಂದು ಇತಿಹಾಸದ ತರಗತಿಯಲ್ಲಿ ನಮಗೆ ಕಲಿಸುತ್ತಾರೆ. ಕಾರ್ಖಾನೆಯ ನಕ್ಷೆಯೂ ಅಂಥ ದಾಖಲೆಯೇ. ಶಾಸನವನ್ನು ತಪ್ಪಾಗಿ ಓದಿದರೆ ಮುಂದೊಬ್ಬ ವಿದ್ವಾಂಸನು ತಿದ್ದಿಯಾನು. ನಕ್ಷೆಯನ್ನು ನಂಬಿ ವಾಲ್ವು ತಿರುಗಿಸುವ ಕೆಲಸಗಾರನಿಗೆ ಆ ಬಿಡುವಿರುವುದಿಲ್ಲ. ಆದುದರಿಂದ ಅಳೆಯುವ ಕೆಲಸವನ್ನು ಬೆಳಕಿಗೆ ಒಪ್ಪಿಸಬಹುದಾದರೂ, ಬದಲಾವಣೆಯನ್ನು ಅಂದೇ ನಕ್ಷೆಗೆ ಏರಿಸಿ ತಾರೀಖು ಹಾಕಿ ರುಜು ಮಾಡುವ ಕರ್ತವ್ಯವು ಮನುಷ್ಯನಲ್ಲಿಯೇ ಉಳಿಯುತ್ತದೆ.