ಮಳೆಮೋಡವೂ ಗುಡ್ಡದ ಗಾಳಿಯಂತ್ರವೂ

ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಸೀಮೆಯಲ್ಲಿ ಮುಂಗಾರು ಕೈಕೊಟ್ಟಾಗಲೆಲ್ಲ ಕೇಳಿಬರುವ ಮಾತೊಂದಿದೆ: ಗುಡ್ಡಗಳ ಮೇಲೆ ನಿಲ್ಲಿಸಿರುವ ಗಾಳಿಯಂತ್ರಗಳು ಕಟ್ಟಿಬಂದ ಮೋಡವನ್ನು ಚದುರಿಸಿ ಓಡಿಸುತ್ತವೆ, ಅದರಿಂದಲೇ ಮಳೆಯಾಗುವುದಿಲ್ಲ. ಇಡೀ ಬರಗಾಲದ ಹೊಣೆಯನ್ನು ಕೆಲವು ಕಂಬಗಳ ತಲೆಗೆ ಕಟ್ಟುವ ಈ ನಂಬಿಕೆಯನ್ನು ಓದುಬಲ್ಲವರೂ ಅನುಮಾನವಿಲ್ಲದೆ ದಾಟಿಸುತ್ತಿರುವುದು ಬೇಸರದ ಸಂಗತಿ.

ಮೋಡವನ್ನು ನೀರು ತುಂಬಿಕೊಂಡು ಅಲೆಯುವ ಚೀಲವೆಂದು ಭಾವಿಸುವುದೇ ಈ ತಪ್ಪಿನ ಬೇರು. ನೆಲದ ಸಮೀಪದ ತೇವದ ಗಾಳಿ ಮೇಲೇರಿ, ಒತ್ತಡ ತಗ್ಗಿದಂತೆ ಹಿಗ್ಗಿ ತಣ್ಣಗಾಗಿ, ಅದರಲ್ಲಿನ ಆವಿ ಧೂಳು ಮತ್ತು ಉಪ್ಪಿನ ಸೂಕ್ಷ್ಮ ಕಣಗಳ ಮೇಲೆ ಹನಿಗಟ್ಟಿದಾಗ ಕಾಣಿಸಿಕೊಳ್ಳುವುದೇ ಮೋಡ. ಅದರ ಒಂದೊಂದು ಹನಿಯ ಅಡ್ಡಳತೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟಿರುತ್ತದೆ. ಅಂಥ ಹತ್ತು ಲಕ್ಷ ಹನಿಗಳು ಕೂಡಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿ. ಅಷ್ಟು ಕೂಡಿಕೊಳ್ಳಬೇಕಾದರೆ ಮೋಡ ಎತ್ತರಕ್ಕೆ ಬೆಳೆಯಬೇಕು, ಕೆಳಗಿನಿಂದ ತೇವದ ಗಾಳಿ ಏರುತ್ತಲೇ ಇರಬೇಕು. ಆ ಏರಿಕೆ ನಿಂತರೆ ಹನಿಗಳು ಮತ್ತೆ ಆವಿಯಾಗಿ, ಮೋಡವನ್ನು ಯಾರೂ ಒಯ್ಯದೆಯೇ ಅದು ಇದ್ದಲ್ಲೇ ಕರಗಿಹೋಗುತ್ತದೆ.

ಈಗ ಗಾತ್ರಗಳನ್ನು ಎದುರುಬದುರು ಇಟ್ಟು ನೋಡಬೇಕು. ಹೊಸ ಬಗೆಯ ದೊಡ್ಡ ಯಂತ್ರದ ರೆಕ್ಕೆಯ ತುದಿಯೂ ಅದು ನಿಂತ ನೆಲದಿಂದ 150ರಿಂದ 200 ಮೀಟರ್ ಆಸುಪಾಸಿನಲ್ಲಿದ್ದರೆ, ಗುಡುಗುಮೋಡದ ನೆತ್ತಿ 12 ಕಿಲೋಮೀಟರನ್ನೂ ಮೀರಿ ಬೆಳೆಯುತ್ತದೆ. ಜೋಗಿಮಟ್ಟಿಯಂಥ ಎತ್ತರದ ಗುಡ್ಡವನ್ನು ಮೋಡ ಸವರಿಕೊಂಡು ಹೋಗುವುದುಂಟು, ಆದರೆ ಅದು ಹೊಲ ನೆನೆಸುವ ಜಾತಿಯ ಮೋಡವಲ್ಲ. ಯಂತ್ರ ಗಾಳಿಯನ್ನು ಹುಟ್ಟಿಸುವುದೂ ಇಲ್ಲ. ಬೀಸುವ ಗಾಳಿಯಿಂದ ಒಂದಿಷ್ಟು ಶಕ್ತಿ ತೆಗೆದುಕೊಳ್ಳುವುದರಿಂದ ಅದರ ಹಿಂದೆ ವೇಗ ತಗ್ಗಿ ಸುಳಿ ಏಳುತ್ತದೆ, ಕೆಲವು ಕಿಲೋಮೀಟರ್ ದಾಟುವಷ್ಟರಲ್ಲಿ ಗಾಳಿ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ರಾತ್ರಿ ವೇಳೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರೊಡನೆ ಬೆರೆತು ನೆಲದ ಬಳಿ ಉಷ್ಣತೆ ತುಸು ಏರುವುದನ್ನು ಅಳೆದು ಕಂಡುಕೊಂಡಿದ್ದಾರೆ. ಮೋಡ ಓಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹತ್ತು ಚದರ ಕಿಲೋಮೀಟರ್ ಜಾಗದಲ್ಲಿ 20 ಮಿಲಿಮೀಟರ್ ಮಳೆ ಸುರಿದರೆ ಅದು ಎರಡು ಲಕ್ಷ ಟನ್ ನೀರು, ಅಷ್ಟು ಆವಿ ಹನಿಗಟ್ಟುವಾಗ ಹೊರಬೀಳುವ ಶಾಖ ಸುಮಾರು 14 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಎರಡು ಮೆಗಾವಾಟಿನ ಯಂತ್ರವೊಂದು ತನ್ನ ಸಾಮರ್ಥ್ಯದ ಕಾಲುಭಾಗದಷ್ಟು ಸರಾಸರಿ ದುಡಿದರೆ ಅಷ್ಟು ವಿದ್ಯುತ್ ಕೊಡಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕು. ಇಂಥ ಮೋಡವನ್ನು ಅದು ಅಟ್ಟುತ್ತದೆಂಬುದು ಲೆಕ್ಕಕ್ಕೆ ನಿಲ್ಲದ ಮಾತು.

ಹಾಗಾದರೆ ಜನ ಕಣ್ಣಾರೆ ಕಂಡದ್ದೇನು? ಜೂನ್, ಜುಲೈ ತಿಂಗಳಲ್ಲಿ ಬೂದುಬಣ್ಣದ ಮೋಡಗಳು ಪಡುವಣದಿಂದ ಒಂದರ ಹಿಂದೊಂದು ಧಾವಿಸುತ್ತವೆ, ಅವುಗಳ ನೆರಳು ಶೇಂಗಾ ಹೊಲದ ಮೇಲೆ ಸರಿದುಹೋಗುತ್ತದೆ, ಬಿದ್ದರೆ ಮೇಲ್ಮಣ್ಣಿನ ಧೂಳು ಅಡಗುವಷ್ಟು ತುಂತುರು ಬೀಳುತ್ತದೆ. ಈ ನೋಟ ಸುಳ್ಳಲ್ಲ, ಅದಕ್ಕೆ ಕೊಡುವ ಕಾರಣ ಸುಳ್ಳು. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಸುರಿಸಿ, ಘಟ್ಟ ದಾಟಿ ಇಳಿಯುವಾಗ ಬೆಚ್ಚಗಾಗಿ ಒಣಗುವುದರಿಂದ ಆಚೆಯ ಬಯಲಿನಲ್ಲಿ ಮೋಡ ಎತ್ತರಕ್ಕೆ ಬೆಳೆಯಲು ಆಸ್ಪದ ಸಿಗುವುದಿಲ್ಲ. ಇಂಥ ಪ್ರದೇಶಕ್ಕೆ ಮಳೆನೆರಳಿನ ಪ್ರದೇಶವೆಂದು ಹೆಸರು. ಮೋಡವನ್ನು ಅವಸರದಲ್ಲಿ ಸಾಗಿಸುವ ಆ ಪಡುವಣ ಗಾಳಿಯ ರಭಸವನ್ನು ನೋಡಿಯೇ ಯಂತ್ರಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಗಾಳಿಯ ಜೋರೂ ಮಳೆಯ ಕೊರತೆಯೂ ಒಂದೇ ಮೂಲದವು, ಯಂತ್ರ ಬಂದದ್ದು ಅವೆರಡರ ನಂತರ.

ಇತಿಹಾಸದ ಸಾಕ್ಷ್ಯವೂ ಹಾಗೆಯೇ ಇದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ, ಜಿಲ್ಲೆಯಲ್ಲಿ ಒಂದೇ ಒಂದು ಗಾಳಿಯಂತ್ರವಿಲ್ಲದ ಹಲವು ದಶಕಗಳು ಕಳೆದರೂ ಮತ್ತೆ ಕೋಡಿ ಬೀಳಲಿಲ್ಲ. ಗುಡ್ಡಗಳ ತುಂಬ ಯಂತ್ರಗಳು ತಿರುಗುತ್ತಿದ್ದ 2022ರಲ್ಲಿ ಬಿದ್ದಿತು. ಆ ವರ್ಷ ಭದ್ರಾ ನದಿಯಿಂದ ಹರಿಸಿದ ನೀರಿನ ಪಾಲೂ ಇತ್ತೆಂಬುದು ನಿಜ, ಆದರೆ ಜಲಾನಯನದಲ್ಲಿ ಭಾರಿ ಮಳೆಯಾದದ್ದೂ ಅಷ್ಟೇ ನಿಜ.

  

ಮಳೆ ಹೋದ ಸಂಕಟದಲ್ಲಿರುವ ರೈತ ಕಣ್ಣೆದುರಿನ ಯಂತ್ರವನ್ನು ದೂರಿದರೆ ಅರ್ಥವಾಗುತ್ತದೆ, ಆದರೆ ಲೆಕ್ಕ ಹಾಕಬಲ್ಲವರು ಆ ದೂರನ್ನು ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗುವುದು ಅವನಿಗೆ ಮಾಡುವ ಅನ್ಯಾಯ. ಗುಡ್ಡ ಕಡಿದು ಮಾಡಿದ ರಸ್ತೆ, ಅದರಿಂದ ಕೊಚ್ಚಿಹೋಗುವ ಮಣ್ಣು, ರೆಕ್ಕೆಗೆ ಸಿಕ್ಕು ಸಾಯುವ ಹಕ್ಕಿಗಳು, ಸಮೀಪದ ಮನೆಗಳಿಗೆ ರಾತ್ರಿಯಿಡೀ ಕೇಳುವ ಸದ್ದು, ಇವೆಲ್ಲ ಗಾಳಿಯಂತ್ರಗಳ ವಿರುದ್ಧ ಹೇಳಬಹುದಾದ, ಅಳೆದು ತೋರಿಸಬಹುದಾದ ದೂರುಗಳು. ಮನವಿಪತ್ರದ ಮೊದಲ ಸಾಲಿನಲ್ಲೇ ಮೋಡ ಓಡಿಸುವ ಮಾತು ಬಂದರೆ ಉಳಿದವನ್ನೂ ಅದರ ಜೊತೆಯಲ್ಲೇ ತಳ್ಳಿಹಾಕುವುದು ಅಧಿಕಾರಿಗಳಿಗೆ ಸಲೀಸಾಗುತ್ತದೆ.